ಪದಗುಚ್ಛ, ಉಪವಾಕ್ಯ ಮತ್ತು ಶಾಸನದ ದಾನಿ

ಇಂಗ್ಲಿಷ್ ವ್ಯಾಕರಣದಲ್ಲಿ ಫ್ರೇಜ್ ಯಾವುದು, ಕ್ಲಾಜ್ ಯಾವುದು ಎಂದು ಬೇರ್ಪಡಿಸುವ ಪಾಠವು ಪ್ರೌಢಶಾಲೆಯಿಂದ ಪದವಿ ತರಗತಿಯವರೆಗೂ ಮತ್ತೆ ಮತ್ತೆ ನಡೆಯುತ್ತದೆ. ಅದಕ್ಕೆ ಕೊಡುವ ಸೂತ್ರವೂ ಸುಲಭವಾದುದು: ಪದಗಳ ಗುಂಪಿನಲ್ಲಿ ಕರ್ತೃಪದ ಮತ್ತು ಪೂರ್ಣ ಕ್ರಿಯಾಪದ ಇದ್ದರೆ ಅದು ಕ್ಲಾಜ್, ಇಲ್ಲದಿದ್ದರೆ ಫ್ರೇಜ್. ಈ ಸೂತ್ರವನ್ನೇ ಕನ್ನಡಕ್ಕೂ ತಂದು, ಪೂರ್ಣ ಕ್ರಿಯಾಪದಗಳನ್ನು ಎಣಿಸಿ ವಾಕ್ಯಗಳನ್ನು ಸಾಮಾನ್ಯ, ಸಂಯೋಜಿತ, ಮಿಶ್ರ ಎಂದು ವಿಂಗಡಿಸುವ ಅಭ್ಯಾಸ ನಮ್ಮ ತರಗತಿಗಳಲ್ಲಿ ಬಹುಕಾಲದಿಂದ ನಡೆದು ಬಂದಿದೆ. ಈ ಅಳತೆಗೋಲು ಕನ್ನಡಕ್ಕೆ ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಹೊಂದದಿರುವುದರಿಂದ ಆಗುವ ಹಾನಿ ಪರೀಕ್ಷೆಯ ಒಂದೆರಡು ಅಂಕಗಳಿಗೆ ಮುಗಿಯುವುದಿಲ್ಲ. ಶಾಸನವನ್ನೂ ಹಳಗನ್ನಡ ಗದ್ಯವನ್ನೂ ಓದಲು ಕುಳಿತ ಸಂಶೋಧನ ವಿದ್ಯಾರ್ಥಿಯು ದಾನ ಕೊಟ್ಟವನು ಯಾರು, ಆಳುತ್ತಿದ್ದವನು ಯಾರು ಎಂಬುದನ್ನೇ ತಪ್ಪಾಗಿ ಗ್ರಹಿಸುವಷ್ಟು ದೂರಕ್ಕೆ ಅದು ಹೋಗುತ್ತದೆ.

ಮೊದಲು ಪರಿಭಾಷೆಯ ಮಾತು. ಫ್ರೇಜ್ ಎಂಬುದಕ್ಕೆ ನಮ್ಮಲ್ಲಿ ಪದಗುಚ್ಛ, ಪದಪುಂಜ, ನುಡಿಗಟ್ಟು ಎಂಬ ಶಬ್ದಗಳಿವೆ. ಇವುಗಳಲ್ಲಿ ನುಡಿಗಟ್ಟು ಎಂಬುದನ್ನು ಬಿಡುವುದು ಲೇಸು. 'ಕಿವಿಗೊಡು', 'ಕೈಕೊಡು' ಮೊದಲಾದ ರೂಢಿಯ ಪ್ರಯೋಗಗಳಿಗೆ ಅದು ಆಗಲೇ ಸಲ್ಲುತ್ತಿರುವುದರಿಂದ ವಿದ್ಯಾರ್ಥಿಗೆ ಗೊಂದಲವಾಗುತ್ತದೆ. ಕ್ಲಾಜ್ ಎಂಬುದಕ್ಕೆ ಉಪವಾಕ್ಯ ಎನ್ನುತ್ತೇವೆ. ಇದೂ ನಿರ್ದುಷ್ಟವಾದುದಲ್ಲ, 'ಪ್ರಧಾನ ಉಪವಾಕ್ಯ' ಎನ್ನುವಾಗ ಪ್ರಧಾನವಾದುದು ಉಪ ಹೇಗಾಯಿತು ಎಂದು ಜಾಣ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ಆದರೂ ರೂಢಿಯಲ್ಲಿ ನಿಂತಿರುವ ಶಬ್ದವಾದ್ದರಿಂದ ಅದನ್ನೇ ಬಳಸುತ್ತೇನೆ. (ಕ್ಲಾಜ್ ಎಂಬುದನ್ನು ಕನ್ನಡ ಲಿಪಿಯಲ್ಲಿ ಕ್ಲಾಸ್ ಎಂದು ಬರೆದು, ತರಗತಿಗೂ ವ್ಯಾಕರಣಾಂಶಕ್ಕೂ ಭೇದವಿಲ್ಲದಂತೆ ಮಾಡಿದ ಉತ್ತರ ಪತ್ರಿಕೆಗಳನ್ನು ಅನೇಕ ಅಧ್ಯಾಪಕರು ನೋಡಿರುತ್ತಾರೆ.)

ಇಂಗ್ಲಿಷಿನಲ್ಲಿ 'ಆಫ್ಟರ್ ದ ರೇನ್' ಎಂಬುದು ಫ್ರೇಜ್. 'ಆಫ್ಟರ್ ಇಟ್ ರೇನ್ಡ್' ಎಂಬುದು ಕ್ಲಾಜ್. ಮೊದಲನೆಯದರಲ್ಲಿ ಕ್ರಿಯಾಪದವಿಲ್ಲ, ಎರಡನೆಯದರಲ್ಲಿದೆ. ಇದಕ್ಕೆ ಸರಿಯಾಗಿ ಕನ್ನಡದಲ್ಲಿ 'ಮಳೆಯ ನಂತರ', 'ಮಳೆ ಬಂದ ನಂತರ' ಎನ್ನುತ್ತೇವೆ. ಎರಡನೆಯದರಲ್ಲಿರುವ 'ಬಂದ' ಎಂಬುದು ಪೂರ್ಣ ಕ್ರಿಯಾಪದವಲ್ಲ, ಕೃದಂತ. ಅದಕ್ಕೆ ಲಿಂಗವಚನಗಳ ಪ್ರತ್ಯಯವಿಲ್ಲ. ಇಂಗ್ಲಿಷಿನ ಸೂತ್ರವನ್ನು ಹಿಡಿದರೆ ಕನ್ನಡದ ಎರಡೂ ಪದಗುಚ್ಛಗಳೇ ಆಗಬೇಕು. ಆದರೆ ಕನ್ನಡಿಗನ ಕಿವಿಗೆ ಇವೆರಡರ ನಡುವೆ ಸ್ಪಷ್ಟವಾದ ಭೇದವಿದೆ. ಮೊದಲನೆಯದರಲ್ಲಿ ಮಳೆ ಷಷ್ಠಿಯಲ್ಲಿ ನಿಂತು ಇನ್ನೊಂದು ಪದಕ್ಕೆ ಅಧೀನವಾಗಿದೆ. ಎರಡನೆಯದರಲ್ಲಿ ಅದು ಪ್ರಥಮಾ ವಿಭಕ್ತಿಯಲ್ಲಿ ನಿಂತು 'ಬಂದ' ಎಂಬ ಕ್ರಿಯೆಗೆ ಕರ್ತೃವಾಗಿದೆ. ಇಂಗ್ಲಿಷು ಕ್ರಿಯಾಪದದ ರೂಪದಿಂದ ತೋರಿಸುವ ಭೇದವನ್ನು ಕನ್ನಡವು ನಾಮಪದದ ವಿಭಕ್ತಿಯಿಂದ ತೋರಿಸುತ್ತಿದೆ. ನಾವು ಮಾತ್ರ ಕ್ರಿಯಾಪದದ ಕಡೆಗೇ ದೃಷ್ಟಿ ನೆಟ್ಟು ಕುಳಿತಿದ್ದೇವೆ.

ಈ ಸೂತ್ರವು ಇಂಗ್ಲಿಷಿಗಾದರೂ ಪೂರ್ತಿಯಾಗಿ ಸಲ್ಲುತ್ತದೆಯೇ ಎಂದರೆ ಅದೂ ಇಲ್ಲ. ನಮ್ಮ ದೇಶದ ಶಾಲೆಗಳಲ್ಲಿ ಹಲವು ತಲೆಮಾರುಗಳು ಓದಿದ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣವು 'ಸೂರ್ಯ ಮೂಡಿರಲು ನಾವು ಹೊರಟೆವು' ಎಂಬರ್ಥದ ರಚನೆಗಳಲ್ಲಿ ಮೊದಲ ಭಾಗವನ್ನು ಅಬ್ಸೊಲ್ಯೂಟ್ ಫ್ರೇಜ್ ಎಂದು ಕರೆಯುತ್ತದೆ. ಅಲ್ಲಿ ಸೂರ್ಯನು ಕರ್ತೃ, ಮೂಡುವುದು ಅವನ ಕ್ರಿಯೆ. ಎರಡೂ ಕಣ್ಣೆದುರಿಗೇ ಇವೆ. ಪೂರ್ಣ ಕ್ರಿಯಾಪದವಿಲ್ಲ ಎಂಬ ಒಂದೇ ಕಾರಣಕ್ಕೆ ಅದು ಫ್ರೇಜ್ ಆಯಿತು. ಮುಂದೆ 1985ರಲ್ಲಿ ರ‍್ಯಾಂಡಾಲ್ಫ್ ಕ್ವರ್ಕ್ ಮತ್ತು ಅವರ ಸಂಗಡಿಗರು ಬರೆದ ಬೃಹತ್ ವ್ಯಾಕರಣ, 2002ರಲ್ಲಿ ಹಡಲ್‌ಸ್ಟನ್ ಮತ್ತು ಪುಲಮ್ ಅವರ ಕೇಂಬ್ರಿಜ್ ವ್ಯಾಕರಣ, ಇವೆರಡೂ ಇಂಥ ಅಪೂರ್ಣ ಕ್ರಿಯಾರಚನೆಗಳನ್ನು ಕ್ಲಾಜ್ ಎಂದೇ ಪರಿಗಣಿಸಿದವು. ಅಂದರೆ ಇಂಗ್ಲಿಷಿನ ವಿದ್ವಾಂಸರು ಕೈಬಿಟ್ಟ ಅಳತೆಗೋಲನ್ನು ನಾವು ಕನ್ನಡಕ್ಕೆ ಹಿಡಿದು ಇನ್ನೂ ಅಳೆಯುತ್ತಿದ್ದೇವೆ.

ಈಗ ನಮ್ಮ ಭಾಗದ ಮಾತಿಗೆ ಬರೋಣ. ರೋಣ ತಾಲೂಕಿನ ಅಸೂಟಿಯಿಂದ ಕಾಲೇಜಿಗೆ ಬಂದ ವಿದ್ಯಾರ್ಥಿಯನ್ನು ಊರು ಯಾವುದೆಂದು ಕೇಳಿದರೆ 'ನಮ್ಮೂರು ಅಸೂಟಿ' ಎನ್ನುತ್ತಾನೆ. ಇದು ಪೂರ್ಣ ವಾಕ್ಯ. ಇದರಲ್ಲಿ ಕ್ರಿಯಾಪದವೇ ಇಲ್ಲ. 'ನಮ್ಮೂರಾದ ಅಸೂಟಿ' ಎಂದರೆ 'ಆದ' ಎಂಬ ಕ್ರಿಯಾರೂಪವಿದೆ, ಆದರೆ ವಾಕ್ಯವಿಲ್ಲ. ಕೇಳುವವನು ಮುಂದೇನು ಎಂದು ಕಾಯುತ್ತಾನೆ. ಕ್ರಿಯಾಪದವಿದ್ದರೆ ಉಪವಾಕ್ಯ, ಇಲ್ಲದಿದ್ದರೆ ಪದಗುಚ್ಛ ಎಂಬ ಸೂತ್ರವು ಈ ಎರಡು ಉದಾಹರಣೆಗಳಲ್ಲೇ ತಲೆಕೆಳಗಾಗುತ್ತದೆ. ಇದೇ ವಿದ್ಯಾರ್ಥಿ ಇಂಗ್ಲಿಷಿನಲ್ಲಿ 'ಐ ಫ್ರಮ್ ಅಸೂಟಿ' ಎಂದು ಬರೆದಾಗ ಅವನನ್ನು ದಡ್ಡನೆಂದು ತಿಳಿಯುವುದು ಅನ್ಯಾಯ. 'ನಾನು ಅಸೂಟಿಯವನು' ಎಂಬ ನಿರ್ದುಷ್ಟವಾದ ಕನ್ನಡ ವಾಕ್ಯದ ನೆರಳಿನಲ್ಲಿ ಅವನು ಬರೆಯುತ್ತಿದ್ದಾನೆ. ಇಂಗ್ಲಿಷ್ ವಾಕ್ಯಕ್ಕೆ ಕ್ರಿಯಾಪದ ಅನಿವಾರ್ಯ, ಕನ್ನಡ ವಾಕ್ಯಕ್ಕೆ ಅಲ್ಲ ಎಂಬುದನ್ನು ಅವನಿಗೆ ಯಾರೂ ಹೇಳಿಲ್ಲ. ಎರಡೂ ಭಾಷೆಗಳಿಗೆ ಒಂದೇ ಸೂತ್ರ ಕೊಟ್ಟಿದ್ದರಿಂದ ಹೇಳುವ ಅವಕಾಶವೂ ಬರಲಿಲ್ಲ.

ಇನ್ನು 'ಅಸೂಟಿಯ ಹೊಲ', 'ಅಸೂಟಿಯಲ್ಲಿರುವ ಹೊಲ', 'ಅಸೂಟಿಯಲ್ಲಿ ನನ್ನ ತಂದೆ ಉತ್ತ ಹೊಲ' ಎಂಬ ಮೂರನ್ನು ನೋಡಬಹುದು. ಮೂರೂ ನಾಮಪದದಲ್ಲೇ ಮುಗಿಯುತ್ತವೆ, ಮೂರೂ ಇನ್ನೊಂದು ವಾಕ್ಯದೊಳಗೆ ಕರ್ತೃವಾಗಿಯೋ ಕರ್ಮವಾಗಿಯೋ ಕೂರಬಲ್ಲವು. ಹೊರಗಿನಿಂದ ನೋಡಿದರೆ ಮೂರೂ ಪದಗುಚ್ಛಗಳು. ಒಳಗೆ ಹೊಕ್ಕು ನೋಡಿದರೆ ಮೂರನೆಯದರಲ್ಲಿ ತಂದೆಯೆಂಬ ಕರ್ತೃ, ಅಸೂಟಿಯಲ್ಲಿ ಎಂಬ ಅಧಿಕರಣ, ಉಳುವ ಕ್ರಿಯೆ ಎಲ್ಲವೂ ಇವೆ. ಉತ್ತದ್ದು ಯಾವುದನ್ನು ಎಂಬ ಕರ್ಮಸ್ಥಾನವನ್ನು ಹೊರಗಿನ 'ಹೊಲ' ತುಂಬುತ್ತದೆ. ಪದಗುಚ್ಛದ ಹೊಟ್ಟೆಯಲ್ಲಿ ಒಂದು ಉಪವಾಕ್ಯವಿದೆ. 1856ರಲ್ಲಿ ಕಾಲ್ಡ್‌ವೆಲ್, 1903ರಲ್ಲಿ ಕಿಟೆಲ್ ಈ ರೂಪವನ್ನು ರೆಲೆಟಿವ್ ಪಾರ್ಟಿಸಿಪಲ್ ಎಂದು ಕರೆದರು. ಇಂಗ್ಲಿಷು 'ಹೂ', 'ವಿಚ್' ಎಂದು ಆರಂಭಿಸಿ ಒಂದು ಕ್ಲಾಜನ್ನೇ ಕಟ್ಟಿ ಹೇಳುವುದನ್ನು ದ್ರಾವಿಡ ಭಾಷೆಗಳು ಒಂದು ಕೃದಂತದಿಂದ ಸಾಧಿಸುತ್ತವೆ ಎಂಬ ತಿಳಿವಳಿಕೆ ಆ ಹೆಸರಿನಲ್ಲೇ ಇದೆ. ಆ ಹೆಸರನ್ನು ಉರುಹೊಡೆದ ನಾವು ತಿಳಿವಳಿಕೆಯನ್ನು ಅಲ್ಲೇ ಬಿಟ್ಟು ಬಂದೆವು.

ಹಾಗಾದರೆ ಕನ್ನಡಕ್ಕೆ ಹೊಂದುವ ಪರೀಕ್ಷೆ ಯಾವುದು? ನನ್ನ ಮಟ್ಟಿಗೆ ಅದು ಕಾರಕದ ಪರೀಕ್ಷೆ. ಕ್ರಿಯೆಯನ್ನು ಸೂಚಿಸುವ ಪದವು ತನ್ನ ಕಾರಕಗಳನ್ನು ತಾನೇ ಇಟ್ಟುಕೊಂಡಿದೆಯೇ, ಅಥವಾ ನಾಮಪದವಾಗಿ ಮಾರ್ಪಟ್ಟು ಅವುಗಳನ್ನು ಷಷ್ಠಿಗೆ ಒಪ್ಪಿಸಿದೆಯೇ ಎಂದು ನೋಡಬೇಕು. 'ಹೊಲದ ಉಳುಮೆ' ಎಂಬಲ್ಲಿ ಹೊಲ ಷಷ್ಠಿಯಲ್ಲಿದೆ, ಅದು ಪದಗುಚ್ಛ. 'ಹೊಲವನ್ನು ಉಳುವುದು' ಎಂಬಲ್ಲಿ ಹೊಲ ದ್ವಿತೀಯೆಯಲ್ಲಿದೆ, ಅದು ಉಪವಾಕ್ಯ. 'ಕಾವ್ಯದ ಓದು', 'ಕಾವ್ಯವನ್ನು ಓದುವುದು' ಎಂಬವೂ ಹಾಗೆಯೇ. 'ಅವನ ಬರವು' ಪದಗುಚ್ಛ, 'ಅವನು ಬರುವುದು' ಉಪವಾಕ್ಯ. ಈ ಪರೀಕ್ಷೆಯನ್ನು ಹಚ್ಚಲು ವಿದ್ಯಾರ್ಥಿಗೆ ಇಂಗ್ಲಿಷ್ ಬೇಕಾಗಿಲ್ಲ. ಏಳನೆಯ ತರಗತಿಯಲ್ಲಿ ಕಲಿತ ವಿಭಕ್ತಿಪ್ರತ್ಯಯಗಳು ಸಾಕು. ಮನೆಮಾತಿನಲ್ಲೂ ಇದು ಕೆಡುವುದಿಲ್ಲ. 'ಅಂವ ಬಂದ ಮ್ಯಾಲೆ ಊಟಾ ಮಾಡೂಣು' ಎಂಬ ಮಾತಿನಲ್ಲಿ ಬರುವವನು ಒಬ್ಬ, ಉಣ್ಣುವವರು ಬೇರೆ ಎಂಬುದು ನಮ್ಮ ಕಡೆಯ ಯಾವ ಮಗುವಿಗಾದರೂ ಗೊತ್ತು.

ಇದೇನೂ ನನ್ನ ಸ್ವಂತ ಶೋಧವಲ್ಲ. ಸಂಸ್ಕೃತದಲ್ಲಿ ಒಂದು ತಿಙಂತವುಳ್ಳದ್ದು ವಾಕ್ಯ ಎಂದು ಕಾತ್ಯಾಯನನು ಹೇಳಿದ್ದುಂಟು. ಅದನ್ನು ನೋಡಿ ಪೂರ್ಣ ಕ್ರಿಯಾಪದದ ಅಳತೆಗೋಲು ನಮ್ಮದೂ ಹೌದಲ್ಲ ಎಂದು ಕೆಲವರು ವಾದಿಸಬಹುದು. ಆದರೆ ಅದು ವಾಕ್ಯ ಎಲ್ಲಿ ಮುಗಿಯಿತು ಎಂಬುದರ ಲಕ್ಷಣ. ವಾಕ್ಯದೊಳಗೆ ಎಷ್ಟು ಕ್ರಿಯೆಗಳಿವೆ, ಯಾವ ಕ್ರಿಯೆಗೆ ಯಾರು ಕರ್ತೃ ಎಂಬ ಪ್ರಶ್ನೆಗೆ ಉತ್ತರವಲ್ಲ. ಆ ಪ್ರಶ್ನೆಯನ್ನು ಪಾಣಿನಿಯು ಬೇರೆಯಾಗಿಯೇ ಎತ್ತಿಕೊಂಡಿದ್ದಾನೆ. 'ಮಾಡಿ', 'ಹೋಗಿ' ಎಂಬರ್ಥದ ಕ್ತ್ವಾ ಪ್ರತ್ಯಯ ಬರಬೇಕಾದರೆ ಎರಡು ಕ್ರಿಯೆಗಳಿಗೂ ಒಬ್ಬನೇ ಕರ್ತೃವಿರಬೇಕು. ಒಂದರ ಕ್ರಿಯೆಯಿಂದ ಇನ್ನೊಂದರ ಕ್ರಿಯೆ ಲಕ್ಷಿತವಾಗುವಲ್ಲಿ ಸಪ್ತಮಿ ಬರುತ್ತದೆ. ನಾವು ಸತಿಸಪ್ತಮಿ ಎನ್ನುವುದು ಇದನ್ನೇ. ಅಲ್ಲಿ ಎರಡು ಕರ್ತೃಗಳಿಗೆ ಅವಕಾಶವಿದೆ. ಕನ್ನಡದಲ್ಲಿ ಹೊಂದಾಣಿಕೆ ಇನ್ನೂ ಚೊಕ್ಕಟ. 'ಪೋಗಿ', 'ಕಂಡು' ಎಂಬ ರೂಪಗಳು ಬಂದರೆ ಕರ್ತೃ ಮುಂದುವರಿಯುತ್ತಾನೆ. 'ಪೋಗೆ', 'ಕಾಣೆ' ಎಂದು ಎಕಾರಾಂತವಾದರೆ ಸಾಮಾನ್ಯವಾಗಿ ಕರ್ತೃ ಬದಲಾಗುತ್ತಾನೆ. ಸತಿಸಪ್ತಮಿಯನ್ನು ಹಳಗನ್ನಡ ವ್ಯಾಕರಣದ ಪಾಠದಲ್ಲಿ ಹೇಳಿಕೊಡುತ್ತೇವೆ. ವಾಕ್ಯಪ್ರಕಾರಗಳ ಪಾಠದಲ್ಲಿ ಅದನ್ನು ಮರೆಯುತ್ತೇವೆ.

ಮರೆಯಲು ಕಾರಣವೂ ಇದೆ. ಸುಮಾರು 1260ರ ಕೇಶಿರಾಜನ 'ಶಬ್ದಮಣಿದರ್ಪಣ'ದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂಬ ಪ್ರಕರಣಗಳಿವೆ, ವಾಕ್ಯಪ್ರಕರಣವೆಂಬುದಿಲ್ಲ. ವಾಕ್ಯದ ವಿಚಾರವು ವಿಭಕ್ತಿ, ಕಾರಕ, ಕೃದ್ವಿಚಾರಗಳ ನಡುವೆ ಹರಡಿಕೊಂಡಿದೆ. 1604ರ ಭಟ್ಟಾಕಳಂಕನ 592 ಸೂತ್ರಗಳ 'ಶಬ್ದಾನುಶಾಸನ'ವೂ ತನ್ನ ಹೆಸರೇ ಹೇಳುವಂತೆ ಶಬ್ದದ ಶಾಸ್ತ್ರ. ಆಧುನಿಕ ಪಠ್ಯಕ್ಕೆ ವಾಕ್ಯಪ್ರಕಾರಗಳ ಪಾಠವೊಂದು ಬೇಕಾದಾಗ ಸಿದ್ಧವಾಗಿ ಸಿಕ್ಕಿದ್ದು ಇಂಗ್ಲಿಷ್ ಶಾಲಾ ವ್ಯಾಕರಣದ ಸಿಂಪಲ್, ಕಾಂಪೌಂಡ್, ಕಾಂಪ್ಲೆಕ್ಸ್ ಎಂಬ ವಿಭಾಗ. ನಮ್ಮ ವೈಯಾಕರಣರಲ್ಲಿ ಚದುರಿಕೊಂಡಿದ್ದ ವಿಚಾರಗಳನ್ನು ಒಟ್ಟುಗೂಡಿಸುವ ಶ್ರಮಕ್ಕಿಂತ ಅನುವಾದ ಸುಲಭವಾಗಿತ್ತು.

ಇದರ ಫಲವನ್ನು ಶಾಸನಗಳ ಓದಿನಲ್ಲಿ ಕಾಣುತ್ತೇವೆ. ಕಲ್ಯಾಣದ ಚಾಲುಕ್ಯರ ಕಾಲದ ದಾನಶಾಸನವೊಂದರ ಸಾಮಾನ್ಯ ವಿನ್ಯಾಸವನ್ನು ಓದುಗರು ಬಲ್ಲರು. ಅದರ ಎಲುಬುಗೂಡನ್ನು ತೋರಿಸಲು ನಾನೇ ಕಟ್ಟಿದ ವಾಕ್ಯವಿದು: 'ಚಕ್ರವರ್ತಿಯ ರಾಜ್ಯಂ ಸಲುತ್ತಮಿರೆ, ಮಹಾಸಾಮಂತಂ ನಾಡನಾಳುತ್ತಮಿರೆ, ಊರ ಗಾವುಂಡಂ ತನ್ನ ತಾಯ್ ಮಾಡಿಸಿದ ಬಸದಿಗೆ ಪನ್ನೆರಡು ಮತ್ತರ್ ಕೆಯ್ಯಂ ಬಿಟ್ಟಂ.' ಇಲ್ಲಿರುವ ಪೂರ್ಣ ಕ್ರಿಯಾಪದ 'ಬಿಟ್ಟಂ' ಎಂಬುದೊಂದೇ. ಪಠ್ಯಪುಸ್ತಕದ ಲೆಕ್ಕದಲ್ಲಿ ಇದು ಸಾಮಾನ್ಯ ವಾಕ್ಯ. ಉಳಿದದ್ದೆಲ್ಲ ವಿಶೇಷಣ, ಅಲಂಕಾರ. ಕಾರಕದ ಲೆಕ್ಕದಲ್ಲಿ ಇಲ್ಲಿ ನಾಲ್ಕು ಕ್ರಿಯೆಗಳೂ ನಾಲ್ಕು ಕರ್ತೃಗಳೂ ಇವೆ: ಸಲ್ಲುತ್ತಿರುವುದು ರಾಜ್ಯ, ಆಳುತ್ತಿರುವವನು ಸಾಮಂತ, ಬಸದಿಯನ್ನು ಮಾಡಿಸಿದವಳು ತಾಯಿ, ಭೂಮಿಯನ್ನು ಬಿಟ್ಟವನು ಗಾವುಂಡ. ನಿಜವಾದ ಶಾಸನದಲ್ಲಿ ಮೊದಲ ಎರಡು ಉಪವಾಕ್ಯಗಳು ಬಿರುದಾವಳಿಯಿಂದ ತುಂಬಿ ಹತ್ತಿಪ್ಪತ್ತು ಸಾಲುಗಳಷ್ಟು ಬೆಳೆದಿರಬಹುದು. ಗಾವುಂಡನಿಗೆ ಸಿಗುವುದು ಕೊನೆಯ ಒಂದೆರಡು ಸಾಲು. ಓದುಗನ ಕಣ್ಣು ದೊಡ್ಡ ಹೆಸರಿನ ಮೇಲೆ ನಿಂತುಬಿಡುತ್ತದೆ.

ನಾನು ಓದಬೇಕಾಗಿ ಬಂದ ಒಂದು ಸಂಶೋಧನ ಪ್ರಬಂಧದಲ್ಲಿ ದಾನಿಗಳ ಪಟ್ಟಿಯೊಂದಿತ್ತು. ಅದರಲ್ಲಿ ಅರಸರ ಮತ್ತು ಸಾಮಂತರ ಹೆಸರುಗಳೇ ತುಂಬಿದ್ದವು. ಮೂಲಪಾಠವನ್ನು ತೆರೆದು ನೋಡಿದರೆ ಹಲವು ಕಡೆ ಅವರು ಕೇವಲ ಕಾಲಸೂಚನೆಯ ಉಪವಾಕ್ಯಗಳಲ್ಲಿ ಬಂದವರು. ಕೊಟ್ಟವರು ಗಾವುಂಡರು, ಸೆಟ್ಟಿಗಳು, ಒಮ್ಮೊಮ್ಮೆ ಹೆಂಗಸರು. ಈ ತಪ್ಪು ಒಬ್ಬ ವಿದ್ಯಾರ್ಥಿಯ ಅಜಾಗರೂಕತೆಯಿಂದ ಆದುದೆಂದು ನಾನು ಭಾವಿಸುವುದಿಲ್ಲ. ವಾಕ್ಯದಲ್ಲಿ ಒಂದೇ ಕ್ರಿಯಾಪದವಿದ್ದರೆ ಒಬ್ಬನೇ ಕರ್ತೃ ಎಂದು ಶಾಲೆಯಿಂದ ಕಲಿತು ಬಂದವನು ಮೊದಲಿಗೆ ಸಿಕ್ಕ ಪ್ರಥಮಾಂತ ಪದವನ್ನು ಕೊನೆಯ ಕ್ರಿಯಾಪದಕ್ಕೆ ಜೋಡಿಸುವುದು ಸಹಜವೇ. ಆದರೆ ಅಂಥ ಪಟ್ಟಿಗಳ ಮೇಲೆ 'ರಾಜಾಶ್ರಯ' ಎಂಬ ಅಧ್ಯಾಯಗಳು ಬೆಳೆಯುತ್ತವೆ, ಊರವರು ಕಟ್ಟಿ ಬೆಳೆಸಿದ ಧರ್ಮಸಂಸ್ಥೆಗಳು ಅರಮನೆಯ ಕೊಡುಗೆಗಳಾಗಿ ಕಾಣಿಸಿಕೊಳ್ಳುತ್ತವೆ.

ಹಳೆಯ ಶಾಸನತಜ್ಞರು ಈ ವಿಷಯದಲ್ಲಿ ಎಚ್ಚರದಿಂದಿದ್ದರು ಎಂಬುದನ್ನು ಹೇಳಬೇಕು. ರೋಣ–ಗಜೇಂದ್ರಗಡ ಭಾಗದ ಸೂಡಿಯ ಶಾಸನಗಳನ್ನು ಎಪಿಗ್ರಾಫಿಯಾ ಇಂಡಿಕಾದ 15ನೆಯ ಸಂಪುಟದಲ್ಲಿ ಸಂಪಾದಿಸಿದ ಎಲ್. ಡಿ. ಬಾರ್ನೆಟ್, ಅವರಿಗೂ ಮೊದಲು ಜೆ. ಎಫ್. ಫ್ಲೀಟ್, 'ಸಲುತ್ತಮಿರೆ' ಎಂಬ ಭಾಗವನ್ನು ಇಂಗ್ಲಿಷಿಗೆ ತರುವಾಗ 'ವೈಲ್' ಅಥವಾ 'ವೆನ್' ಎಂದು ಆರಂಭಿಸಿ ಪೂರ್ಣ ಕ್ಲಾಜನ್ನೇ ಬರೆಯುವ ರೂಢಿಯವರು. ಇಂಗ್ಲಿಷ್ ಮಾತೃಭಾಷೆಯವರಿಗೆ ಅದು ಫ್ರೇಜ್ ಎಂದು ಕಾಣಲಿಲ್ಲ. ಸೂಡಿಯ ಪರಿಸರದಲ್ಲಿ ಚಾಲುಕ್ಯ ರಾಜಮನೆತನದ ಅಕ್ಕಾದೇವಿಯು ಕಿಸುಕಾಡು ಎಪ್ಪತ್ತನ್ನು ಆಳುತ್ತಿದ್ದಳೆಂಬ ಮಹತ್ತ್ವದ ಸಂಗತಿ ನಮಗೆ ತಿಳಿದಿದೆ. ಹೀಗೆ ನಾಡನ್ನು ಆಳುತ್ತಿದ್ದವರ ವಿಚಾರ ಶಾಸನಗಳಲ್ಲಿ ಬರುವುದು ಬಹುಮಟ್ಟಿಗೆ ಇಂಥ ಅಧೀನ ಉಪವಾಕ್ಯಗಳಲ್ಲಿಯೇ. ಆಳುವ ಕ್ರಿಯೆಯ ಕರ್ತೃವನ್ನು ಕೊಡುವ ಕ್ರಿಯೆಯ ಕರ್ತೃವಿನಿಂದ ಬೇರ್ಪಡಿಸದೆ ಅಕ್ಕಾದೇವಿಯಂಥವರ ಆಡಳಿತವನ್ನಾಗಲಿ ಊರವರ ದಾನವನ್ನಾಗಲಿ ಬರೆಯಲಾಗುವುದಿಲ್ಲ.

'ಮಾಡಿಸಿದ ಬಸದಿ' ಎಂಬ ಕೃದಂತದ ವಿಷಯವೂ ಇಷ್ಟೇ ಸೂಕ್ಷ್ಮವಾದುದು. ಲಕ್ಕುಂಡಿಯಲ್ಲಿ ಬಸದಿಯನ್ನು ಮಾಡಿಸಿದವಳು ಅತ್ತಿಮಬ್ಬೆ. ಅದನ್ನು ಹೇಳುವ 1007ರ ಶಾಸನದ ಕಾಲಕ್ಕೆ ಅರಸನಾಗಿದ್ದವನು ಇರಿವಬೆಡಂಗ ಸತ್ಯಾಶ್ರಯ. ಅತ್ತಿಮಬ್ಬೆಯ ಹೆಸರು ರನ್ನನ ಕಾವ್ಯದಿಂದಲೂ ಲೋಕಪ್ರಸಿದ್ಧವಾದ್ದರಿಂದ ಆಕೆಯ ಕರ್ತೃತ್ವವನ್ನು ಯಾರೂ ಅರಸನಿಗೆ ಕೊಡುವುದಿಲ್ಲ. ಕಾವ್ಯದಲ್ಲಿ ಹೆಸರು ಬರದ, ಒಂದೇ ಒಂದು ಶಾಸನದಲ್ಲಿ 'ಇಂಥವಳು ಮಾಡಿಸಿದ' ಎಂಬ ಎರಡು ಪದಗಳಲ್ಲಿ ಮಾತ್ರ ಉಳಿದಿರುವ ಹೆಂಗಸರ ಗತಿ ಬೇರೆ. ಆ ಎರಡು ಪದಗಳನ್ನು ಬಸದಿಗೆ ಅಂಟಿದ ವಿಶೇಷಣವೆಂದು ದಾಟಿಹೋದರೆ ಆಕೆ ಚರಿತ್ರೆಯಿಂದಲೇ ಹೊರಗುಳಿಯುತ್ತಾಳೆ. ಅದನ್ನು ಉಪವಾಕ್ಯವೆಂದು ಬಿಡಿಸಿ, ಯಾರು, ಏನನ್ನು, ಎಲ್ಲಿ ಎಂದು ಕೇಳಿದರೆ ಆಕೆ ಕರ್ತೃವಾಗಿ ಎದ್ದು ನಿಲ್ಲುತ್ತಾಳೆ.

ಗದ್ಯಕಾವ್ಯದ ಓದಿನಲ್ಲಿ ಸಮಸ್ಯೆಯ ಮುಖ ಬೇರೆ. 'ವಡ್ಡಾರಾಧನೆ'ಯ 19 ಕಥೆಗಳಲ್ಲಿ ಒಂದೇ ವಾಕ್ಯದೊಳಗೆ ಪೋಗಿ, ಕಂಡು, ಕೇಳ್ದು, ಎಂದು ಎಂಬಂಥ ರೂಪಗಳು ಸರಪಣಿಯಂತೆ ಬರುತ್ತವೆ. ಇವುಗಳನ್ನು ಸಾಂಪ್ರದಾಯಿಕವಾಗಿ ಕೃದಂತಾವ್ಯಯ ಎನ್ನುತ್ತೇವೆ. ಪದವರ್ಗದ ದೃಷ್ಟಿಯಿಂದ ಆ ಹೆಸರು ಸರಿಯಾದುದೇ. ಆದರೆ ಅವ್ಯಯವೆಂದ ಮಾತ್ರಕ್ಕೆ 'ಮತ್ತು', 'ಆಹಾ' ಎಂಬವುಗಳ ಸಾಲಿಗೆ ಸೇರಿಸಿ ಸುಮ್ಮನಿರಲಾಗದು. ಪ್ರತಿಯೊಂದೂ ತನ್ನದೇ ಕರ್ಮವನ್ನೂ ಅಧಿಕರಣವನ್ನೂ ಹೊತ್ತಿರುತ್ತದೆ, ಕರ್ತೃವೊಂದನ್ನು ಮಾತ್ರ ಎಲ್ಲವೂ ಹಂಚಿಕೊಳ್ಳುತ್ತವೆ. ಆದ್ದರಿಂದ ಇವು ಏಕಕರ್ತೃಕ ಉಪವಾಕ್ಯಗಳು. ಕಥನದ ಓಟವೆಂದು ನಾವು ಮೆಚ್ಚುವುದು ಬಹುಪಾಲು ಈ ಸರಪಣಿಯ ಗುಣ. ನಡುವೆ ಒಮ್ಮೆ ಎಕಾರಾಂತ ರೂಪ ಬಂದರೆ ಕಥೆ ಇನ್ನೊಬ್ಬನ ಕೈಗೆ ದಾಟುತ್ತದೆ. ಶೈಲಿಯ ಬಗ್ಗೆ ಬರೆಯುವವರು ಆ ದಾಟುವಿಕೆಗಳನ್ನು ಗುರುತು ಹಾಕಿಕೊಂಡು ಓದಿದರೆ 'ಸರಳ', 'ಸಹಜ' ಎಂಬ ಪದಗಳ ಅಗತ್ಯ ಅಷ್ಟಾಗಿ ಬೀಳದು.

ಇಲ್ಲಿ ಒಂದು ಆಕ್ಷೇಪಣೆಗೆ ಎಡೆಯಿದೆ. ಹೀಗೆ ಎಲ್ಲ ಕೃದಂತಗಳನ್ನೂ ಉಪವಾಕ್ಯವೆಂದರೆ 'ಮಾಡಿಬಿಟ್ಟ', 'ನೋಡಿಕೊಂಡ', 'ತಿಂದುಹಾಕಿದ' ಎಂಬಲ್ಲೂ ಎರಡೆರಡು ಉಪವಾಕ್ಯಗಳನ್ನು ಎಣಿಸಬೇಕಾಗುವುದಿಲ್ಲವೇ? ಇಲ್ಲ. ಕಾಲಸೂಚಕವನ್ನು ಬೇರೆಬೇರೆಯಾಗಿ ಸೇರಿಸಿ ನೋಡಬಹುದು. 'ನಿನ್ನೆ ಹೋಗಿ ಇಂದು ಬಂದ' ಎನ್ನಲು ಬರುತ್ತದೆ. ಅಲ್ಲಿ ಎರಡು ಕ್ರಿಯೆಗಳು. 'ಮಾಡಿಬಿಟ್ಟ' ಎಂಬ ಅರ್ಥದಲ್ಲಿ 'ನಿನ್ನೆ ಮಾಡಿ ಇಂದು ಬಿಟ್ಟ' ಎನ್ನಲು ಬರುವುದಿಲ್ಲ. ಅಲ್ಲಿ ಇರುವುದು ಒಂದೇ ಕ್ರಿಯೆ, 'ಬಿಟ್ಟ' ಎಂಬುದು ಅದರ ಬಾಲ. 'ಓಡಿಬಂದ' ಎಂಬುದು ಇವೆರಡರ ನಡುವೆ ನಿಂತಿದೆ. ಅದನ್ನು ಯಾವ ಕಡೆಗೆ ಸೇರಿಸಬೇಕೆಂಬುದು ಸಂದರ್ಭದಿಂದ ನಿರ್ಧಾರವಾಗಬೇಕೇ ಹೊರತು ಸೂತ್ರದಿಂದಲ್ಲ.

ಡಿ. ಎನ್. ಶಂಕರ ಭಟ್ಟರು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ವಾದಿಸಿ ಪುಸ್ತಕಗಳನ್ನೇ ಬರೆದರು. ಎಸ್. ಎನ್. ಶ್ರೀಧರ್ ಅವರು 1990ರಲ್ಲಿ ಕನ್ನಡದ ವಾಕ್ಯರಚನೆಯನ್ನು ಇಂಗ್ಲಿಷಿನಲ್ಲಿ ವಿವರವಾಗಿ ವರ್ಣಿಸಿದರು. ಶಂಕರ ಭಟ್ಟರ ಪರಿಭಾಷೆಯನ್ನು ಎಲ್ಲರೂ ಒಪ್ಪಬೇಕಾಗಿಲ್ಲ. ಸಂಸ್ಕೃತ ವ್ಯಾಕರಣದ ಚೌಕಟ್ಟನ್ನು ಅವರು ಕಂಡಷ್ಟು ಹೊರಗಿನದಾಗಿ ನಾನು ಕಾಣಲಾರೆ. ಮೇಲೆ ಹೇಳಿದ ಕಾರಕದ ಪರೀಕ್ಷೆ ಆ ಚೌಕಟ್ಟಿನಿಂದಲೇ ಬಂದದ್ದು. ಆದರೆ ವಾಕ್ಯವನ್ನು ಕುರಿತ ಪಾಠವು ಕನ್ನಡ ವಾಕ್ಯಗಳನ್ನು ನೋಡಿ ಬರೆದದ್ದಾಗಿರಬೇಕು ಎಂಬ ಅವರ ಮೂಲಭೂತ ಆಗ್ರಹವನ್ನು ನಿರಾಕರಿಸುವುದು ಕಷ್ಟ. ಸ್ನಾತಕೋತ್ತರ ತರಗತಿಯ ಶಾಸನಶಾಸ್ತ್ರದ ಪತ್ರಿಕೆಯಲ್ಲಿ ಲಿಪಿಯನ್ನು ಕಲಿಸುವಷ್ಟೇ ಕಾಳಜಿಯಿಂದ ವಾಕ್ಯವನ್ನು ಬಿಡಿಸುವ ಅಭ್ಯಾಸವನ್ನೂ ಸೇರಿಸುವುದು ಕಾರ್ಯಸಾಧ್ಯವಾದ ಕೆಲಸ. ಒಂದು ಶಾಸನಪಾಠ ಕೊಟ್ಟು, ಎಕಾರಾಂತ ರೂಪ ಬಂದ ಕಡೆಯೆಲ್ಲ ಗೆರೆ ಎಳೆದು, ಪ್ರತಿ ಭಾಗದ ಕರ್ತೃವನ್ನು ಬರಿಯ ಮೇಲೆ ಬರೆಯಿರಿ ಎಂದರೆ ಒಂದು ಗಂಟೆಯಲ್ಲಿ ವಿದ್ಯಾರ್ಥಿಗೆ ದಾರಿ ಸಿಗುತ್ತದೆ. ಇಂಗ್ಲಿಷ್ ಅಧ್ಯಾಪಕರೂ ಇದೇ ದಾರಿಯಲ್ಲಿ 'ಮಳೆಯ ನಂತರ', 'ಮಳೆ ಬಂದ ನಂತರ' ಎಂಬುದರಿಂದ ಆರಂಭಿಸಿದರೆ 'ಬಿಕಾಸ್ ಆಫ್' ಎಲ್ಲಿ, 'ಬಿಕಾಸ್' ಎಲ್ಲಿ ಎಂಬ ಹಳೆಯ ತೊಡಕು ಅರ್ಧ ಬಿಡಿಸಿದಂತಾಗುತ್ತದೆ. 'ಜ್ವರದ ಕಾರಣ' ಎನ್ನುವಲ್ಲಿ ಮೊದಲನೆಯದು, 'ಜ್ವರ ಬಂದ ಕಾರಣ' ಎನ್ನುವಲ್ಲಿ ಎರಡನೆಯದು.

ಗಡಿಯು ಕಾಲಕಾಲಕ್ಕೆ ಸರಿಯುತ್ತದೆ ಎಂಬುದನ್ನೂ ಸಂಶೋಧಕರು ನೆನಪಿನಲ್ಲಿಡಬೇಕು. 'ಕುರಿತು' ಎಂಬುದು 'ಕುರಿ' ಧಾತುವಿನ ಕೃದಂತ. ಒಂದು ಕಾಲಕ್ಕೆ ಗುರಿಯಿಡುವ ಕ್ರಿಯೆ ಅದರಲ್ಲಿತ್ತು. ಇಂದು 'ಅಸೂಟಿಯನ್ನು ಕುರಿತು' ಎಂದರೆ ಗುರಿಯಿಡುವ ಕರ್ತೃ ಯಾರಿಗೂ ಹೊಳೆಯುವುದಿಲ್ಲ. ಉಳಿದಿರುವುದು ದ್ವಿತೀಯಾ ವಿಭಕ್ತಿಯ ಗುರುತು ಮಾತ್ರ. 'ಆದರೆ' ಎಂಬುದು 'ಹಾಗೆ ಆದ ಪಕ್ಷದಲ್ಲಿ' ಎಂಬ ಉಪವಾಕ್ಯವಾಗಿದ್ದು ಈಗ ಕೇವಲ ಸಂಬಂಧಸೂಚಕವಾಗಿದೆ. ನಮ್ಮ ಕಡೆಯ 'ಆದ್ರ' ಇನ್ನೂ ಸವೆದಿದೆ. ಹಾಗಿದ್ದೂ 'ಮಳಿ ಆದ್ರ ಬಿತ್ತೂದು' ಎಂದು ರೈತ ಹೇಳುವಾಗ ಅದೇ 'ಆದ್ರ' ಮಳೆಯನ್ನು ಕರ್ತೃವಾಗಿ ಹಿಡಿದು ಮತ್ತೆ ಉಪವಾಕ್ಯವಾಗುತ್ತದೆ.